ಅಕ್ಕೋರು ಬರೆದ ತಪ್ಪು ಚಿತ್ರಗಳು

ಅವರ ಮೂಗಿನ ತುದಿಯಲ್ಲಿ ಸದಾ ನೀಲಿ ಸೀಮೆಸುಣ್ಣದ ಪುಡಿ ಇರುತ್ತಿತ್ತು. ಚಿತ್ರ ಬರೆಯುತ್ತ ಹುರುಪು ಏರಿದಂತೆಲ್ಲ ಮೂಗು ತಿಕ್ಕಿಕೊಳ್ಳುವುದು ಅವರ ಚಾಳಿ. ಸಂಜೆ ಅಂಬೇವಾಡಿಯಲ್ಲಿ ಕಾಯಿಪಲ್ಯ ತರಲು ಹೋದಾಗಲೂ ಮೂಗು ಹಾಗೆಯೇ. ಮಾರುವವಳು "ಅಕ್ಕೋರ, ಇವತ್ತ ಏನ್ ಬರದ್ರಿ?" ಎಂದು ಕೇಳಿದರೆ ಮುಗಿಯಿತು. ಟೊಮೆಟೊ ಸೂರ್ಯ, ಆಲೂಗಡ್ಡೆ ಭೂಮಿ, ಬೆಳ್ಳುಳ್ಳಿ ಚಂದ್ರ! ಅಲ್ಲೇ ಗ್ರಹಣ ಹಿಡಿಸಿ, ಹಿಂದೆ ನಿಂತ ಗಿರಾಕಿಗಳನ್ನೆಲ್ಲ ಕಾಯಿಸಿ, ಕೊನೆಗೆ ಕಾಯಿಪಲ್ಯವನ್ನೇ ಮರೆತು ಮನೆಗೆ ಬರುತ್ತಿದ್ದರು.

ಅವರು ದಾಂಡೇಲಿಯ ನಮ್ಮ ಶಾಲೆಯ ವಿಜ್ಞಾನದ ಅಕ್ಕೋರು. ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಬರೆದ ಪ್ರತಿ ಚಿತ್ರದಲ್ಲೂ ಬೇಕೆಂದೇ ಒಂದು ತಪ್ಪು ಇಡುತ್ತಿದ್ದರು. ಮಳೆಯ ಪಾಠದಲ್ಲಿ ಅವರ ಕಾಳಿ ನದಿ ಸಮುದ್ರದಿಂದ ಹೊರಟು ಜೋಯಿಡಾದ ಕಾಡಿನ ಗುಡ್ಡ ಹತ್ತುತ್ತಿತ್ತು. ನಾವು ಹೋ ಎಂದು ಕೂಗಿದರೆ ಸೀಮೆಸುಣ್ಣ ಮುಂದೆ ಚಾಚಿ, "ಬಾಯಿಲೆ ಹೇಳಬ್ಯಾಡ್ರಿ, ಬಂದು ತಿದ್ದರಿ" ಎನ್ನುತ್ತಿದ್ದರು. ತಿದ್ದಲು ನಾ ಮುಂದೆ ತಾ ಮುಂದೆ ಎಂದು ಬೆಂಚು ಹಾರಿ ಓಡುತ್ತಿದ್ದೆವು. ಪಾಠ ತಲೆಗೆ ಹೋದದ್ದು ಗೊತ್ತೇ ಆಗುತ್ತಿರಲಿಲ್ಲ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನನ್ನ ತಂಗಿಗೆ ಐದು ವರ್ಷ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಟ್ಟು ಕೂತುಬಿಡುತ್ತಿದ್ದಳು. ಹುಬ್ಬಳ್ಳಿಯ ಡಾಕ್ಟರು ಹೃದಯದಲ್ಲಿ ತೂತಿದೆ, ಬೇಗ ಆಪರೇಶನ್ ಮಾಡಿಸಿ, ತಡ ಮಾಡಿದರೆ ಮಗು ಉಳಿಯುವುದು ಕಷ್ಟ ಎಂದರು. ಖರ್ಚಿನ ಚಿಂತೆ ಇರಲಿಲ್ಲ, ಅದು ಸರ್ಕಾರದ್ದು. ಆದರೆ ಅಪ್ಪ ಸುತರಾಂ ಒಪ್ಪಲಿಲ್ಲ. ಅವನು ಕಾಗದದ ಮಿಲ್ಲಿನಲ್ಲಿ ಪಂಪು ರಿಪೇರಿ ಮಾಡುವವನು.

"ತೂತ ಬಿದ್ದರ ಸೋರಬೇಕು. ಮಿಲ್ಲಿನ್ಯಾಗ ಎಲ್ಲಿ ತೂತ ಬಿದ್ದರೂ ನೆಲ ಹಸಿ ಆಗ್ತೈತಿ. ಈಕಿ ಮೈಯಾಗ ಎಲ್ಲಿ ಸೋರತೈತಿ ತೋರಸ್ರಿ ನೋಡೂಣು! ಸೋರದ ತೂತಿಗೆ ಕೂಸಿನ ಎದಿ ಕೊಯ್ಯಾಕ ನಾ ಬಿಡೂದಿಲ್ಲ."

ಅವ್ವ ಅತ್ತಳು, ಜಗಳಾಡಿದಳು. ಕೊನೆಗೆ ಅಕ್ಕೋರ ಮುಂದೆ ಹೋಗಿ ಹೇಳಿಕೊಂಡಳು.

ಮರುದಿನ ಭಾನುವಾರ. ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಅಕ್ಕೋರು ಬಂದರು. ವಾದ ಹೂಡಲಿಲ್ಲ, ಬುದ್ಧಿ ಹೇಳಲಿಲ್ಲ. ಸೆರಗು ಸಿಕ್ಕಿಸಿ ಅಂಗಳದ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬರೆಯತೊಡಗಿದರು.

"ಅಣ್ಣಾರ, ಇದು ಹೃದಯ. ಎರಡು ಪಂಪು, ನಡುವ ಒಂದ ಗೋಡಿ. ಬಲಗಡೆದು ಇಲ್ಲೇ ಮಗ್ಗಲದಾಗ ಇರೋ ಪುಪ್ಪುಸಕ್ಕ ರಕ್ತ ಕಳಸ್ತೈತಿ. ಎಡಗಡೆದು ಇಡೀ ಮೈಗೆ."

ಪಂಪು ಎಂದ ಕೂಡಲೇ ಅಪ್ಪನ ಕಣ್ಣು ಇತ್ತ ತಿರುಗಿತು. ಅಕ್ಕೋರು ನಡುಗೋಡೆಯಲ್ಲಿ ಒಂದು ತೂತು ಬಿಡಿಸಿ, ಬಲದಿಂದ ಎಡಕ್ಕೆ ಬಾಣ ಎಳೆದರು. ತಪ್ಪು ಬಂತು ಎಂದು ನನಗೆ ಗೊತ್ತಿತ್ತು, ಆದರೆ ಎಲ್ಲಿ ಎಂದು ತಿಳಿಯಲಿಲ್ಲ.

ಅಪ್ಪ ಕಪ್ಪು ಕೆಳಗಿಟ್ಟ. "ಅಕ್ಕೋರ, ಬಾಣ ತಪ್ಪೈತ್ರಿ."

"ಹೌದೇನ್ರಿ? ಹೆಂಗ?"

"ಹತ್ತರ ಕಳಸೋ ಪಂಪಿಗೆ ಜೋರ್ ಕಡಿಮಿ ಸಾಕ್ರಿ. ಇಡೀ ಮೈಗೆ ಕಳಸೋದಕ್ಕ ಜಾಸ್ತಿ ಬೇಕು. ಜೋರ್ ಇದ್ದ ಕಡಿಂದ ಇಲ್ಲದ ಕಡಿಗೆ ರಕ್ತ ಹೋಗತೈತಿ, ಎಡದಿಂದ ಬಲಕ್ಕ."

"ಹಂಗಾರ ಬಾಯಿಲೆ ಯಾಕ ಹೇಳ್ತೀರಿ? ತಿದ್ದರಿ."

ಅಪ್ಪ ಇಳಿದು ಬಂದು, ಅಂಗೈಯಿಂದ ಬಾಣ ಒರೆಸಿ, ಹೊಸದನ್ನು ಎಳೆದ. ಆಮೇಲೆ ಕೈ ನಿಲ್ಲಲಿಲ್ಲ. ತೂತಿನಿಂದ ಬಲದ ಪಂಪಿಗೆ, ಅಲ್ಲಿಂದ ಪುಪ್ಪುಸಕ್ಕೆ, ಪುಪ್ಪುಸದಿಂದ ಎಡದ ಪಂಪಿಗೆ, ಮತ್ತೆ ಅದೇ ತೂತಿಗೆ. ಗೆರೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಅಲ್ಲಿಗೆ ಸೀಮೆಸುಣ್ಣ ನಿಂತಿತು.

"ಇದು ಹೊರಗ ಸೋರೂದಲ್ಲ..." ಅಪ್ಪ ತನಗೆ ತಾನೇ ಹೇಳಿಕೊಂಡ. "ಒಳಗ ಸುತ್ತತೈತಿ. ಅದ ರಕ್ತ ಮತ್ತ ಮತ್ತ. ಪಂಪು ಸುಮ್ಮ ದುಡದ ದುಡದ..."

ಮಾತು ಅರ್ಧಕ್ಕೇ ಬಿಟ್ಟು ಹೊಸ್ತಿಲ ಮೇಲೆ ಕೂತಿದ್ದ ತಂಗಿಯ ಕಡೆ ನೋಡಿದ. ಅಕ್ಕೋರು ಮೂಗು ತಿಕ್ಕಿಕೊಂಡರು.

"ಇದಕ್ಕ ಪ್ಯಾಚ್ ಹಾಕ್ತಾರೇನ್ರಿ?"

"ಡಾಕ್ಟರು ಹೇಳಿದ್ದು ಅದನ್ನ, ಅಣ್ಣಾರ."

"ಹಂಗಾರ ನಾಳೆನ ಹೋಗೂಣು" ಎಂದು ಅಪ್ಪ ಎದ್ದೇಬಿಟ್ಟ. ಇದನ್ನು ಬರೆಯುವಾಗ ಈಗಲೂ ನನ್ನ ಮೈಮೇಲೆ ಮುಳ್ಳು ಏಳುತ್ತದೆ. ಅವ್ವನ ಕಣ್ಣೀರು, ಡಾಕ್ಟರ ಮಾತು ಯಾವುದಕ್ಕೂ ಜಗ್ಗದವನನ್ನು ಒಂದು ತಪ್ಪು ಬಾಣ ಎಬ್ಬಿಸಿ ನಿಲ್ಲಿಸಿತ್ತು!

ಅವ್ವ ಆ ಕಲ್ಲನ್ನು ತೊಳೆಯಲೇ ಇಲ್ಲ. ದಿನಾ ಅದರ ಸುತ್ತಲೇ ರಂಗೋಲಿ ಹಾಕಿದಳು. ಆಪರೇಶನ್ ಆಗಿ ತಂಗಿ ಮನೆಗೆ ಬಂದ ದಿನ ಅಪ್ಪ ಚಪ್ಪಲಿ ಕೂಡ ಬಿಡದೆ ಆ ಕಲ್ಲಿನ ಮುಂದೆ ಕೂತು, ತೂತಿನ ಮೇಲೆ ದಪ್ಪನೆಯ ಗೆರೆ ಎಳೆದು ಮುಚ್ಚಿದ.

ನನಗೂ ಅದೇ ಹುಚ್ಚು ಹತ್ತಿತು. ಈಗ ಹಳಿಯಾಳ, ಜೋಯಿಡಾದ ಹಳ್ಳಿಗಳಿಗೆ ಆರೋಗ್ಯದ ವಿಷಯ ತಿಳಿಸುವ ಚಿತ್ರಪಟ ಬರೆಯುತ್ತೇನೆ. ಮೊದಲನೆಯದನ್ನು ಹಿಡಿದು ಕುಣಿಯುತ್ತ ಚಿಗಳ್ಳಿಗೆ ಹೋದೆ. ಅದು ಅಕ್ಕೋರ ಊರು, ನಿವೃತ್ತರಾಗಿ ಅಲ್ಲಿಗೆ ಹೋಗಿದ್ದರು. ಪಟವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಎಲ್ಲಾ ಸರಿ ಬರದೀಯಲ್ಲವಾ, ಅದ ತಪ್ಪು. ನೋಡಿದವರಿಗೆ ಕೆಲಸ ಏನೈತಿ ಇದರಾಗ?" ಎಂದರು. ಅಂದಿನಿಂದ ನನ್ನ ಪಟದಲ್ಲಿ ಒಂದು ಬಾಣದ ಜಾಗ ಬೇಕೆಂದೇ ಖಾಲಿ ಇರುತ್ತದೆ, ಜೊತೆಗೆ ದಾರಕ್ಕೆ ಕಟ್ಟಿದ ಪೆನ್ನು. ಜೋಯಿಡಾದ ಒಬ್ಬ ಅಜ್ಜಿ ಕೊಂಕಣಿಯಲ್ಲಿ ನನ್ನನ್ನು ಬೈದು, ಆ ಪೆನ್ನು ಕಸಿದುಕೊಂಡು ಬಾಣ ಎಳೆದಳು. ನನಗೆ ಕುಣಿದಾಡುವಷ್ಟು ಖುಷಿ!

ಕಳೆದ ಚಳಿಗಾಲದಲ್ಲಿ ಅಕ್ಕೋರು ಹೋದರು. ಅಪ್ಪ, ತಂಗಿ, ನಾನು ಮುಂಡಗೋಡದ ಬಸ್ಸು ಹಿಡಿದು ಚಿಗಳ್ಳಿಗೆ ಹೋದೆವು. ಮೀಯಿಸಿ, ಹೊಸ ಸೀರೆ ಉಡಿಸಿ ಮಲಗಿಸಿದ್ದರು. ಮುಖ ಯಾರದೋ ಅನ್ನಿಸಿತು. ಮೂಗು ಸ್ವಚ್ಛವಾಗಿತ್ತು. ತಂಗಿ ಸುತ್ತ ನೋಡಿ, ಕಿಟಕಿಯಲ್ಲಿದ್ದ ಡಬ್ಬಿಯಿಂದ ನೀಲಿ ಸೀಮೆಸುಣ್ಣ ತೆಗೆದು, ಬೆರಳಿಗೆ ತಿಕ್ಕಿ, ಅಕ್ಕೋರ ಮೂಗಿನ ತುದಿಗೆ ಹಚ್ಚಿದಳು.

ಅಪ್ಪ ಬಗ್ಗಿ ನೋಡಿ, ತಲೆ ಆಡಿಸಿದ.

"ಹಾಂ. ಈಗ ಸರಿ ಆತು."