ಉದ್ದನೆಯ ಕುಣಿ

ಇಂಗ್ಲೆಂಡಿನಲ್ಲಿ ಎಲ್ಲದಕ್ಕೂ ಸಾರಿ ಅನ್ನುತ್ತಾರೆ. ಬಸ್ಸಿನಲ್ಲಿ ನಾವೇ ಅವರ ಕಾಲು ತುಳಿದರೂ ಸಾರಿ ಅವರದೇ. ಶವಪೆಟ್ಟಿಗೆ ಒದಗಿಸುವವನೂ ಮತ್ತೆ ಮತ್ತೆ ಅದನ್ನೇ ಅಂದ. ನನ್ನ ಗಂಡನನ್ನು ಕೂರಿಸಿ ಊರಿಗೆ ಕಳಿಸಲು ಸಾಧ್ಯವೇ ಎಂದು ಕೇಳಿದ್ದೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಕೊಡುವುದು, ಎಡಗೈಯಲ್ಲಿ ಲಿಂಗವಿಟ್ಟು. ಉಸಿರು ನಿಂತ ಮೇಲೆ ಮೈ ಬಿಗಿಯುವ ಮೊದಲೇ ಗೋಡೆಗೆ ಒರಗಿಸಿ ಕೂರಿಸಬೇಕು. ಇವರು ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಮಲಗಿಯೇ ಇದ್ದರು. ವಿಮಾನದವರು ಉದ್ದನೆಯ ಪೆಟ್ಟಿಗೆ ಬಿಟ್ಟು ಬೇರೇನೂ ಒಯ್ಯುವುದಿಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಸರಿ ಅಂದೆ. ಚಹಾ ಬೇಕೇ ಅಂದ. ಕುಡಿದೆ.

ಎಂಬತ್ತರ ದಶಕದ ಮಾತು. ನಾವಿದ್ದದ್ದು ಕಲ್ಲಿದ್ದಲು ಗಣಿಗಳ ಊರು, ಆ ವರ್ಷ ಗಣಿಯವರ ಮುಷ್ಕರ. ಇವರು ಅಲ್ಲಿ ಡಾಕ್ಟರು. ಲಾಠಿಯೇಟು ತಿಂದ ಕೆಲಸಗಾರರಿಗೂ ಕಲ್ಲೇಟು ತಿಂದ ಪೊಲೀಸರಿಗೂ ಇವರೇ ಹೊಲಿಗೆ ಹಾಕುತ್ತಿದ್ದರು. ಪರದೇಶದಲ್ಲಿ ಇದ್ದವರಿಗೆ ಬಾಯಿ ಇರಬಾರದು ಎನ್ನುವುದೇ ಅವರ ರಾಜಕೀಯ. ನನಗೆ ಸಿಟ್ಟು ಬರುತ್ತಿತ್ತು. ಮುಷ್ಕರದವರ ಹೆಂಡಂದಿರು ನಡೆಸುತ್ತಿದ್ದ ಅಡುಗೆಮನೆಗೆ ಹೋಗಿ ಬಟಾಟೆ ಸುಲಿದು ಬರುತ್ತಿದ್ದೆ. ಒಂದು ಬೆಳಿಗ್ಗೆ ಇವರು ಬಸ್ಸಿಗೆ ಸಾಲಿನಲ್ಲಿ ನಿಂತಿದ್ದಾಗ ಎದೆ ಹಿಡಿದು ಕುಸಿದರಂತೆ. ಒಬ್ಬ ಹೆಂಗಸು ತನ್ನ ಕೋಟು ಹೊದಿಸಿ ಪಕ್ಕದಲ್ಲೇ ಕೂತಳು. ಬಸ್ಸು ಬಂದಾಗ ಉಳಿದವರು ಸರದಿ ತಪ್ಪದೆ ಹತ್ತಿದರು.

ಬೊಂಬಾಯಿಗೆ ಭಾವ, ಅಂದರೆ ಇವರ ಅಣ್ಣ, ಬಂದಿದ್ದರು. ಟೆಂಪೊದಲ್ಲಿ ಪೆಟ್ಟಿಗೆಯ ಪಕ್ಕ ಕೂತು ಸೊಲ್ಲಾಪುರ ದಾಟಿ ಮಣ್ಣೂರಿಗೆ ಬಂದೆವು. ಅಷ್ಟರಲ್ಲಿ ಊರವರು ಭೀಮಾ ದಂಡೆಯ ನಮ್ಮ ಹೊಲದಲ್ಲಿ ಪದ್ಧತಿಯಂತೆ ಚೌಕದ ಕುಣಿ ತೋಡಿ, ಕೂರಿಸಲು ಒಳಗೋಡೆಯಲ್ಲಿ ಗೂಡು ಕೊರೆದು, ವಿಭೂತಿ ತಂದಿಟ್ಟು ಕಾಯುತ್ತಿದ್ದರು. ಪೆಟ್ಟಿಗೆ ಇಳಿಸಿದಾಗ ಎಲ್ಲರೂ ಒಮ್ಮೆ ಕುಣಿ ನೋಡಿದರು, ಒಮ್ಮೆ ಪೆಟ್ಟಿಗೆ ನೋಡಿದರು.

ಪೆಟ್ಟಿಗೆ ಒಡೆದು ಕೂರಿಸೋಣ ಎಂದರು ಕೆಲವರು. ಬಿಸಿನೀರು ಸುರಿದು ತಿಕ್ಕಿದರೆ ಮೈ ಸಡಿಲಾದೀತು ಎಂದರು ಅಯ್ಯನವರು. ಮಲಗಿಸಿ ಮಣ್ಣು ಕೊಟ್ಟರೆ ನಾಳೆ ನಾಲ್ಕು ಜನಕ್ಕೆ ಏನು ಹೇಳುವುದು ಎಂದು ಒಬ್ಬ ಹಿರಿಯರು ಗೊಣಗಿದರು. ಭಾವ ನನ್ನ ಮುಖ ನೋಡಿದರು. ಕೆಡದಂತೆ ಔಷಧಿ ಏರಿಸಿದ್ದಾರೆ, ಮಣಿಸಿದರೆ ಎಲುಬು ಮುರಿಯುತ್ತದೆ ಎಂದು ಹೇಳಿದೆ. ಯಾರೋ ಬಸ್ಸಿನ ವೇಳೆ ಕೇಳಿದಾಗ ಹೇಳುವ ಹಾಗೆ ಹೇಳಿದೆ.

ಅತ್ತೆ ತೊಗರಿ ಕಟ್ಟಿಗೆಯ ಬಣವೆಗೆ ಒರಗಿ ಕೂತಿದ್ದವರು ಎದ್ದು ಬಂದರು. ಪೆಟ್ಟಿಗೆಯ ಮೇಲೆ ಕೈಯಾಡಿಸಿದರು. ಹಿತ್ತಾಳೆಯ ಹಿಡಿಕೆಗಳನ್ನು ಒಂದೊಂದಾಗಿ ಮುಟ್ಟಿದರು.

"ನನ್ನ ಮಗನ ಎಲುಬು ಮುರೀಬ್ಯಾಡ್ರಿ. ಕುಣಿ ಉದ್ದ ಮಾಡ್ರಿ."

ಊರವರು ಮತ್ತೆ ಗುದ್ದಲಿ ಹಿಡಿದರು. ಮುಚ್ಚಳ ತೆಗೆದು ಎಡಗೈಗೆ ಲಿಂಗ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ ಇಳಿಸಿದರು. ಗೂಡು ಖಾಲಿಯೇ ಉಳಿಯಿತು, ಅದಕ್ಕೂ ಮಣ್ಣು ತುಂಬಿದರು. ನನಗೆ ಅಳು ಬರಲಿಲ್ಲ. ಈಗ ಅಳಬೇಕು ಎನ್ನುವುದು ತಿಳಿಯುತ್ತಿತ್ತು, ಅಷ್ಟೇ.

ಮಾತಾಡಿಸಲು ಬಂದವರು ಜೋಳದ ರೊಟ್ಟಿ, ಪುಂಡಿಪಲ್ಯದ ಬುತ್ತಿ ತಂದರು. ದುಃಖದ ಮಾತು ಬೇಗ ಮುಗಿಯುತ್ತದೆ. ಆಮೇಲೆ ವಿಲಾಯಿತಿಯ ಸುದ್ದಿ. ಅಲ್ಲೂ ಹೆಣ್ಣುಮಗಳದೇ ರಾಜ್ಯವಂತೆ, ಹೌದೇ? ಹೌದು. ಆಕೆ ಬಡವರ ಕಡೆಯೋ ಸಾಹುಕಾರರ ಕಡೆಯೋ? ಗಣಿಯವರನ್ನು ಕೇಳಬೇಕು ಅಂದೆ. ಬಸ್ಸಿಗೂ ಸಾಲು ಹಚ್ಚುತ್ತಾರಂತೆ? ಹಚ್ಚುತ್ತಾರೆ. ಅಫಜಲಪುರದ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಮಂದಿ ಇದಕ್ಕೆ ನಕ್ಕರು. ನಾನೂ ನಕ್ಕಿರಬೇಕು. ಅಂಥ ಸಾಲಿನಲ್ಲೇ ಇವರು ಹೋದದ್ದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಗು ನಿಲ್ಲುತ್ತಿತ್ತು, ಮನೆಯಲ್ಲಿ ಆ ನಗು ಬೇಕಾಗಿತ್ತು.

ವಾಪಸ್ ಹೋಗುವ ಟಿಕೆಟ್ ನನ್ನ ಚೀಲದಲ್ಲಿತ್ತು. ಅಲ್ಲೊಂದು ಶಾಲೆಯಲ್ಲಿ ನನ್ನ ಕೆಲಸ, ಬಾಡಿಗೆ ಮನೆ, ಇವರ ಬಟ್ಟೆಗಳು. ಮನೆಯಲ್ಲಿ ಯಾರ ಮುಂದೆಯೂ ಆ ಮಾತು ಎತ್ತಿರಲಿಲ್ಲ, ಆದರೂ ಅತ್ತೆಗೆ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಮೊರದಲ್ಲಿ ಬೇಳೆ ಹಸನು ಮಾಡುತ್ತ, ನನ್ನ ಕಡೆ ನೋಡದೆ ಹೇಳಿದರು:

"ನೀ ಇಲ್ಲೇ ಇರವಾ. ನಿನಗರ ಛಂದಾಗಿ ಕುಂದ್ರಸಿ ಮಣ್ಣ ಕೊಡ್ತೇವಿ."

ನನಗಿಂತ ಎಷ್ಟೋ ಮೊದಲು ಹೋಗುವವರು ಅವರು. ಆ ದೇಶದಲ್ಲಿ ಅಷ್ಟು ವರ್ಷ ಇದ್ದರೂ ಇಷ್ಟು ಅಕ್ಕರೆಯ ಮಾತನ್ನು ನನಗೆ ಯಾರೂ ಆಡಿರಲಿಲ್ಲ. "ಹೂಂರಿ" ಎಂದೆ. ಆಗ ಅಳು ಬಂತು, ಮೊರ ಪಕ್ಕಕ್ಕಿಟ್ಟು ಅವರು ನನ್ನ ತಲೆ ಹಿಡಿದುಕೊಂಡರು.

ಮುಂದಿನ ವಾರ ಹೊರಟುಬಿಟ್ಟೆ.