ಅತ್ತೆಗೂ ಅರ್ಥವಾದ ಅರೆತಲೆನೋವು

ಕಡೂರಿನ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ನರ್ಸು. ಡಾಕ್ಟರು ಹೇಳಿದ್ದನ್ನು ರೋಗಿಗೆ ಬಿಡಿಸಿ ಹೇಳುವುದರಲ್ಲಿ ನನ್ನದು ಎತ್ತಿದ ಕೈ. ಸಕ್ಕರೆ ಕಾಯಿಲೆ, ಬಿ.ಪಿ. ಯಾವುದಾದರೂ ಸರಿ, ಒಪ್ಪಿಸಿಯೇ ಕಳಿಸುತ್ತಿದ್ದೆ. ಸೋಲುತ್ತಿದ್ದದ್ದು ಮೈಗ್ರೇನ್ ಒಂದರಲ್ಲೇ. ಮೈ ಬಿಸಿಯಿರುವುದಿಲ್ಲ, ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ. ಮನೆಯವರು ನಂಬುವುದಾದರೂ ಹೇಗೆ?

ಹಿರೇನಲ್ಲೂರಿನ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಮನೆಯಲ್ಲೇ ರವಿಕೆ ಹೊಲಿಯುವವಳು. ತಲೆಯ ಎಡಭಾಗ ಸಿಡಿಯುತ್ತಿತ್ತು, ವಾಂತಿಯಾಗುತ್ತಿತ್ತು, ಬೆಳಕು ಕಂಡರಾಗುತ್ತಿರಲಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ಹೆಚ್ಚುಕಡಿಮೆ ದಿನಾ ನುಂಗುತ್ತಿದ್ದಳು. "ಬಾಗ್ಲು ಹಾಕ್ಕಂಡು ಮಲಗಿದ್ರೆ ನಮ್ಮತ್ತೆ, ಕೆಲ್ಸ ಬಂದಾಗ್ಲೇ ಇವ್ಳಿಗೆ ತಲೆ ನೋಯೋದು ಅಂತಾರೆ ಸಿಸ್ಟ್ರೇ" ಎಂದು ಒಂದು ದಿನ ಅತ್ತುಬಿಟ್ಟಳು. ನಾನು ಹೇಳಿದ ಸಮಾಧಾನ ನನಗೇ ಸಪ್ಪೆ ಎನಿಸಿತು.

ನನ್ನ ಫೋನಿನಲ್ಲಿ ಎಐ ಇತ್ತು. ಅದುವರೆಗೆ ಅದರಿಂದ ಬರೆಸಿದ್ದು ಅಜ್ಜಂಪುರದ ತಂಗಿಯ ಮನೆಯ ಗೃಹಪ್ರವೇಶದ ಕರೆಯೋಲೆ ಮಾತ್ರ. ಆ ಭಾನುವಾರ ಕೂತು, ಹೊಲಿಗೆ ಮಾಡುವ ಹೆಂಗಸಿಗೂ ಅವಳ ಮನೆಯವರಿಗೂ ಮೈಗ್ರೇನ್ ಏನೆಂದು ತಿಳಿಯುವ ಹಾಗೆ ಬರೆ ಎಂದು ಕೇಳಿದೆ. 'ನರವೈಜ್ಞಾನಿಕ ಅಸ್ವಸ್ಥತೆ' ಎಂದು ಶುರುಮಾಡಿ, ಚೀಸ್ ತಿನ್ನಬೇಡಿ, ವೈನ್ ಕುಡಿಯಬೇಡಿ ಎಂದಿತು. ನಗು ಬಂತು. ಇಲ್ಲಿ ಅವೆರಡೂ ಇಲ್ಲ, ಸೋಮವಾರದ ಉಪವಾಸ, ಮಧ್ಯಾಹ್ನದ ಬಿಸಿಲು, ಮದುವೆ ಕಾಲದಲ್ಲಿ ಊಟ ನಿದ್ದೆ ಬಿಟ್ಟು ಹೊಲಿಯುವುದು ಇವೆ ಎಂದು ತಿದ್ದಿದೆ. ಮೂರನೇ ಸಲಕ್ಕೆ ಹದಕ್ಕೆ ಬಂತು. ಇದು ನಿಜವಾದ ಕಾಯಿಲೆ, ಮಿದುಳಿನಿಂದ ಹುಟ್ಟುವಂಥದ್ದು, ಸೋಗಲ್ಲ. ನೋವಿನ ಮಾತ್ರೆಯನ್ನೇ ದಿನಾ ನುಂಗಿದರೆ ಅದರಿಂದಲೂ ತಲೆನೋವು ಬರುತ್ತದೆ ಎಂದು ಬರೆದಿತ್ತು.

ಡಾಕ್ಟರು ಅದನ್ನು ಪೆನ್ನು ಹಿಡಿದೇ ಓದಿದರು. "ಎಲ್ರೂ ಕಾಫಿ ಪೂರ್ತಿ ಬಿಡ್ಬೇಕು ಅಂತಿದೆ, ತೆಗೀರಿ. ಸಿಡಿಲು ಹೊಡ್ದಂಗೆ ಒಮ್ಮೆಗೇ ತಲೆ ನೋವು ಬಂದ್ರೆ, ಮಾತು ತೊದಲಿದ್ರೆ, ಕೈಕಾಲು ಸೋತ್ರೆ ತಕ್ಷಣ ಆಸ್ಪತ್ರೆಗೆ ಹೋಗಿ ಅನ್ನೋದು ಕೊನೇಲಿದೆ. ಅದನ್ನ ಮೊದ್ಲಿಗೆ ಹಾಕಿ" ಎಂದರು. ಹಾಗೇ ಮಾಡಿ, ನನ್ನ ದನಿಯಲ್ಲೇ ಓದಿ ರೆಕಾರ್ಡ್ ಮಾಡಿ ಆಕೆಯ ವಾಟ್ಸಾಪಿಗೆ ಕಳಿಸಿದೆ.

ಮುಂದಿನ ವಾರ ಅತ್ತೆಯೂ ಜೊತೆಗೆ ಬಂದರು. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದು ಕೂತರು.

"ಫೋನಲ್ಲಿ ಮಾತಾಡಿದ್ದು ನೀವೇನಾ?"

"ಹೂಂ ಅಮ್ಮ, ನಾನೇ."

"ಅವರೆಕಾಯಿ ಸುಲೀತಾ ಕೇಳುಸ್ಕಂಡೆ. ನಂಗೂ ಹಿಂಗೇ ಬತ್ತಿತ್ತು ಕಣಮ್ಮ. ಹಣೆಗೆ ಬಟ್ಟೆ ಬಿಗ್ದು ಕಟ್ಕಂಡು ರೊಟ್ಟಿ ತಟ್ತಿದ್ದೆ. ನಾಟ್ಕ ಆಡ್ತಾಳೆ ಅಂತಿದ್ರು ನಮ್ಮತ್ತೆ. ಅಂದೂ ಅಂದೂ, ನಂದು ನಾಟ್ಕಾನೇ ಇರ್ಬೇಕು ಅಂತ ನಾನೂ ನಂಬ್ಬಿಟ್ಟಿದ್ದೆ."

ಸೊಸೆ ಅವರನ್ನೇ ನೋಡುತ್ತಿದ್ದಳು. "ಒಂದಿನಾನೂ ಹೇಳ್ಲಿಲ್ವಲ್ಲ ಅತ್ತೆ" ಎಂದಳು. "ಏನಂತ ಹೇಳ್ಲಿ ಕಣೇ, ಅದ್ಕೆ ಹೆಸರೈತೆ ಅಂತ್ಲೇ ಗೊತ್ತಿರ್ಲಿಲ್ಲ" ಎಂದರು ಅತ್ತೆ. ಅವಳು ಅವರ ತೋಳಿನ ಮೇಲೆ ಕೈಯಿಟ್ಟಳು. ನಾನು ಹೇಳಬೇಕಾದ್ದನ್ನೆಲ್ಲ ಅವರೇ ಹೇಳಿಕೊಳ್ಳುತ್ತಿದ್ದರು.

ಡಾಕ್ಟರು ಸೊಸೆಯ ಅಂಗಡಿ ಮಾತ್ರೆ ನಿಲ್ಲಿಸಿ, ನೋವು ಬಾರದಂತೆ ತಡೆಯುವ ಔಷಧಿ ಬರೆದರು. ಮಾತ್ರೆ ಬಿಟ್ಟ ಮೊದಲ ಎರಡು ವಾರ ನೋವು ಹೆಚ್ಚೇ ಆಯಿತು. ಹಾಗಾಗಬಹುದೆಂದು ರೆಕಾರ್ಡಿಂಗಿನಲ್ಲಿ ಮೊದಲೇ ಹೇಳಿದ್ದರಿಂದ ಅವಳು ಹೆದರಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದ ದಿನ ಅತ್ತೆಯೇ ಗಿರಾಕಿಗಳನ್ನು ಹಿಂದಕ್ಕೆ ಕಳಿಸುತ್ತಿದ್ದರಂತೆ. ಸೋಮವಾರವೂ ಬೆಳಿಗ್ಗೆ ತಿಂಡಿ ತಿನ್ನಿಸಿಯೇ ಬಿಡುತ್ತಿದ್ದರಂತೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ನೋವು ಬಂತೆಂದು ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ದಿನಗಳು ವಿರಳವಾದವು. ನೋವು ಪೂರ್ತಿ ಹೋಗಿಲ್ಲ, ಆದರೆ ಈಗ ಅದು ಅವಳ ಹಿಡಿತದಲ್ಲಿದೆ.

ಆಮೇಲೆ ಲಾರಿ ಓಡಿಸುವವರಿಗೆ, ಬಸುರಿಯರಿಗೆ, ಶಾಲೆಯ ಮಕ್ಕಳಿಗೆ ಬೇರೆ ಬೇರೆಯಾಗಿ ಬರೆಸಿ ರೆಕಾರ್ಡ್ ಮಾಡಿದೆ. ಎಐ ಬರೆಯುತ್ತದೆ, ನಾನು ನಮ್ಮ ಮಾತಿಗೆ ತರುತ್ತೇನೆ, ಡಾಕ್ಟರು ತಿದ್ದುತ್ತಾರೆ. ಆ ಕ್ರಮವನ್ನು ಒಮ್ಮೆಯೂ ತಪ್ಪಿಸಿಲ್ಲ. ಈಗ ತಲೆ ಹಿಡಿದುಕೊಂಡು ಯಾರು ಬಂದರೂ ನನಗೆ ಅಳುಕಿಲ್ಲ.

ಹೋದ ತಿಂಗಳು ಆ ಅತ್ತೆ, ಇದೇ ತಲೆನೋವಿದ್ದ ದೇವನೂರಿನ ನೆಂಟರ ಹೆಂಗಸೊಬ್ಬರನ್ನು ಕರೆತಂದರು. ಜೊತೆಗೆ ಆಕೆಯ ಗಂಡನೂ ಇದ್ದ. ಅತ್ತೆ ಅವನತ್ತ ಬೆರಳು ತೋರಿಸಿ, "ಮೊದ್ಲು ಇವ್ನಿಗೆ ಕೇಳ್ಸಿ ಸಿಸ್ಟ್ರೇ" ಎಂದರು.