ಚಳಿಗೆ ಕಳಚುವ ಚೈನು

ನಮ್ಮ ಮನೆಯಲ್ಲಿ ಅಪ್ಪ ಮಗನಿಗೆ ಜಗಳ ಶುರುವಾದರೆ ನಾನು ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿಬಿಡುತ್ತೇನೆ. ಅವರಿಬ್ಬರ ನಡುವೆ ಬಾಯಿ ಹಾಕಿ ಯಾರೂ ಉದ್ಧಾರವಾದದ್ದಿಲ್ಲ. ಆದರೆ ಕಳೆದ ಡಿಸೆಂಬರಿನಲ್ಲಿ ಮಾವನ ಸೈಕಲ್ಲಿನ ವಿಷಯಕ್ಕೆ ಜಗಳ ಬಂದಾಗ ಮಿಕ್ಸಿ ಆರಿಸಿ ಹೊರಗೆ ಬಂದೆ.

"ಇನ್ನೊಂದು ಸಲ ಚೈನ್ ಬಿತ್ತು ಅಂದ್ರೆ ಕಬಾಡಿ ಭಯ್ಯಾನನ್ನು ಕರೆದು ಗುಜರಿಗೆ ಕೊಟ್ಟುಬಿಡ್ತೇನೆ, ಅಷ್ಟೆ. ಆ ಮಂಜಲ್ಲಿ ನಡುರಸ್ತೆಯಲ್ಲಿ ಕೂತು ಚೈನ್ ಹಾಕೋದು! ಯಾವನಾದ್ರೂ ಗುದ್ದಿ ಹೋದ್ರೆ?" ಎಂದು ನಮ್ಮವರು ಕೂಗುತ್ತಿದ್ದರು. ಮಾವ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದರು.

"ಮಾರಾಯ್ರೆ, ಚೈನ್ ತಾನೆ ಹಾಳಾಗಿರೋದು, ನಿಮ್ಮಪ್ಪ ಅಲ್ಲವಲ್ಲ. ನಾನು ನೋಡ್ತೇನೆ," ಎಂದೆ. ಇಬ್ಬರೂ ನನ್ನ ಮುಖ ನೋಡಿದರು.

ದೆಹಲಿಯ ಮಯೂರ್ ವಿಹಾರದ ಮಾರ್ಕೆಟ್ಟಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಕರಾವಳಿಯಿಂದ ಬಂದ ಮಾವ ಶುರುಮಾಡಿದ್ದು, ಈಗ ನಮ್ಮವರು ನೋಡಿಕೊಳ್ಳುತ್ತಾರೆ. ಗಲ್ಲಾ, ಸಾಮಾನು, ಕೆಲಸದವರು ಎಲ್ಲ ಮಗನ ಕೈಗೆ ಹೋದ ಮೇಲೆ ಮಾವನಿಗೆ ಉಳಿದದ್ದು ಬೆಳಗಿನ ಕೆಲಸ ಒಂದೇ. ಕತ್ತಲು ಹರಿಯುವಾಗ ತಮ್ಮ ಹಳೆಯ ಕಪ್ಪು ಸೈಕಲ್ಲಿನಲ್ಲಿ ಹೋಗಿ ಅಡುಗೆಮನೆಯ ಬಾಗಿಲು ತೆಗೆದು ಒಲೆ ಹಚ್ಚುತ್ತಾರೆ. ಅಷ್ಟರಲ್ಲಿ ಅಡುಗೆಯ ಭಟ್ಟರು ಬರುತ್ತಾರೆ. ಸಾಂಬಾರು ಕುದಿ ಬಂದಾಗ ಮಾವ ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ವಾಸನೆ ನೋಡುತ್ತಾರೆ. ಅವರು ತಲೆ ಆಡಿಸುವ ತನಕ ಒಂದು ಇಡ್ಲಿಯೂ ಹೊರಗೆ ಹೋಗುವಂತಿಲ್ಲ. "ನಮ್ಮ ಹೋಟೆಲಿನ ಮೂಗು" ಎಂದೇ ಭಟ್ಟರು ಅವರನ್ನು ಕರೆಯುವುದು.

ಸೈಕಲ್ಲು ಹೋದರೆ ಆ ಬೆಳಗೂ ಹೋಯಿತು. ಮತ್ತೆ ಮಾವ ಸೋಫಾದ ಮೂಲೆ ಸೇರುತ್ತಾರೆ, ಟಿವಿ ಅವರನ್ನು ನೋಡುತ್ತದೆ. ನನಗೆ ಅದು ಬೇಡವಾಗಿತ್ತು. ಅತ್ತೆ ಹೋದ ಮೇಲೆ ಆ ಮನುಷ್ಯ ಖುಷಿಯಾಗಿ ಮಾಡುತ್ತಿದ್ದದ್ದು ಅದೊಂದನ್ನೇ.

ವಿಚಿತ್ರವೆಂದರೆ ಚೈನು ಬೀಳುತ್ತಿದ್ದದ್ದು ಬೆಳಿಗ್ಗೆ ಮಾತ್ರ. ರಿಪೇರಿ ಭಯ್ಯಾನ ಹತ್ತಿರ ಮಧ್ಯಾಹ್ನದ ಬಿಸಿಲಲ್ಲಿ ಒಯ್ದರೆ ಅವನು ಪೆಡಲ್ ತಿರುಗಿಸಿ, "ಭಾಭೀಜಿ, ಏಕ್‌ದಮ್ ಠೀಕ್ ಹೈ" ಎನ್ನುತ್ತಿದ್ದ. ಆದರೂ ನನ್ನ ಸಮಾಧಾನಕ್ಕೆ ಹಿಂದಿನ ಚಕ್ರವನ್ನು ತುಸು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಿಕೊಟ್ಟ. ಮರುದಿನ ಬೆಳಿಗ್ಗೆ ಮತ್ತೆ ಬಿತ್ತು, ಆ ಜಗಳವಾದದ್ದು ಅದಕ್ಕೇ.

ಊರಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು ನಾನು. ಚೈನು ಬಿದ್ದರೆ ಹಾಕಿಕೊಡಲು ಯಾವ ರಾಜಕುಮಾರನೂ ಬರುತ್ತಿರಲಿಲ್ಲ. ಹಾಗಾಗಿ ಜಗಳದ ಮರುದಿನ ಮಾವನಿಗಿಂತ ಮೊದಲೇ ಎದ್ದು, ಶಾಲು ಸುತ್ತಿಕೊಂಡು, ಸ್ಪ್ಯಾನರು ಹಿಡಿದು ಕೆಳಗಿನ ಪಾರ್ಕಿಂಗಿಗೆ ಇಳಿದೆ. ಹಲ್ಲು ಕಟಕಟ ಅನ್ನುವ ಚಳಿ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಪೆಡಲ್ ತಿರುಗಿಸಿದರೆ ಹಿಟ್ಟು ರುಬ್ಬಿದ ಹಾಗೆ ಭಾರ. ಕೈ ಬಿಟ್ಟರೆ ಚಕ್ರದ ಜೊತೆ ಚೈನೂ ಮುಂದಕ್ಕೆ ಓಡಿ, ಸಡಿಲಾಗಿ ಮುದ್ದೆಯಾಗುತ್ತಿತ್ತು. ಪೆಡಲ್ ನಿಂತರೂ ಚಕ್ರವನ್ನು ತಿರುಗಲು ಬಿಡಬೇಕಾದ ಹಿಂದಿನ ಫ್ರೀ ವೀಲ್ ಒಳಗೆಲ್ಲೋ ಅಂಟಿಕೊಂಡಿದೆ ಅಂತ ಆಗ ಗೊತ್ತಾಯಿತು. ತಪ್ಪು ಚೈನಿನ ಸಡಿಲದ್ದಲ್ಲ, ಎಣ್ಣೆಯದು.

ಹಳೆಯ ಕಾಲದ ಸೈಕಲ್ಲು, ಚೈನನ್ನು ಮುಕ್ಕಾಲು ಪಾಲು ಮುಚ್ಚುವ ತಗಡಿನ ಕವರು. ತಿರುಪು ಬಿಚ್ಚಿ ಕವರು ತೆಗೆದೆ. ಚೈನಿನ ಕೊಂಡಿ ಕೊಂಡಿಗೂ ಧೂಳು ಮೆತ್ತಿದ ಬೂದು ಬಣ್ಣದ ಗಟ್ಟಿ ಪದಾರ್ಥ. ಬೆರಳಲ್ಲಿ ಒಂದಿಷ್ಟು ಕೆರೆದು ಮೂಗಿಗೆ ಹಿಡಿದೆ.

ತೆಂಗಿನೆಣ್ಣೆ!

ಗೋಡೆಗೆ ಒರಗಿ ಒಬ್ಬಳೇ ನಕ್ಕೆ. ಆಯುಧಪೂಜೆಯ ದಿನ ಮಾವ ಬಾಲ್ಕನಿಯಲ್ಲಿ ಕೂತು ಸೈಕಲ್ಲಿಗೆ ಎಣ್ಣೆ ಬಿಡುವುದು ವಾಡಿಕೆ. ಮಿಷನ್ ಎಣ್ಣೆಯನ್ನು ಅವರು ಹಾಕಿಟ್ಟಿದ್ದದ್ದು ತೆಂಗಿನೆಣ್ಣೆಯ ಹಳೆಯ ನೀಲಿ ಬಾಟಲಿಯಲ್ಲಿ. ಮನೆಯ ತೆಂಗಿನೆಣ್ಣೆಯದೂ ಅಂಥದ್ದೇ ಬಾಟಲಿ, ಈ ಸಲ ಅದನ್ನೇ ಎತ್ತಿಕೊಂಡಿದ್ದರು. ದೀಪಾವಳಿಯ ಅಭ್ಯಂಜನಕ್ಕೆ ನಮ್ಮ ಎಣ್ಣೆ ಬಾಟಲಿ ಖಾಲಿಯಾಗಿದ್ದು ನೋಡಿ ನಾನು ಮಗಳನ್ನು ಬೈದಿದ್ದೆ, "ಮಮ್ಮಾ, ಮೈನೇ ನಹೀ ಲಿಯಾ" ಅಂತ, ತಾನು ಮುಟ್ಟಿಯೇ ಇಲ್ಲವೆಂದು ಅವಳು ಅತ್ತಿದ್ದಳು. ಆಯುಧಪೂಜೆಯ ಹೊತ್ತಿಗೆ ಇನ್ನೂ ಸೆಕೆ, ಎಣ್ಣೆ ನೀರಾಗಿತ್ತು. ದೆಹಲಿಯ ಚಳಿ ಬಂದದ್ದೇ ತಡ, ಚೈನಿನಲ್ಲಿ ಹೆಪ್ಪುಗಟ್ಟಿತು. ಕರಾವಳಿಯವರಾದ ನಾವು ತೆಂಗಿನೆಣ್ಣೆಯನ್ನು ತಲೆಗೂ ಹಾಕುತ್ತೇವೆ, ಪಲ್ಯಕ್ಕೂ ಹಾಕುತ್ತೇವೆ. ಸೈಕಲ್ಲೊಂದು ಬಾಕಿ ಇತ್ತು!

ನಗು ಅರ್ಧಕ್ಕೇ ನಿಂತಿತು. ಆಯುಧಪೂಜೆಯ ದಿನ ಮಾವ ಆ ಬಾಟಲಿ ಎದುರಿಗಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದರು. ಕೈಗೆಲ್ಲ ಎಣ್ಣೆ ಮಾಡಿಕೊಂಡಿದ್ದರು. ಇಂಗು ಒಂದು ಚಿಟಿಕೆ ಕಮ್ಮಿಯಾದರೆ ಹೇಳುವ ಮೂಗು ಅದು. ಹುಟ್ಟಿದಾಗಿನಿಂದ ಮೈಗೆ ಹಚ್ಚಿಕೊಂಡು ಬೆಳೆದ ವಾಸನೆ ಅದಕ್ಕೆ ತಿಳಿಯಲಿಲ್ಲವೇ?

ಮಾವ ಮಫ್ಲರ್ ಸುತ್ತಿಕೊಂಡು ಮೆಟ್ಟಿಲಿಳಿದು ಬಂದರು. "ಎಂಥ ಮಾಡ್ತಿದ್ದಿ ಮಾರಾಯ್ತಿ ಈ ಚಳಿಯಲ್ಲಿ?"

ನಾನು ಚೈನು ಒರೆಸಿದ ಬಟ್ಟೆಯನ್ನು ಅವರ ಕೈಗೆ ಕೊಟ್ಟೆ. "ಇದು ಎಂಥದ್ದು ಹೇಳಿ ಮಾವ."

ಕೊಪ್ಪರಿಗೆಯ ಮೇಲೆ ಬಗ್ಗುವಾಗ ಮಾಡುವ ಹಾಗೆಯೇ ಕಣ್ಣು ಮುಚ್ಚಿ, ಉಸಿರೆಳೆದು, "ಮಿಷನ್ ಎಣ್ಣೆ. ಹಳೇದಾಗಿದೆ," ಎಂದರು.

ಅವರು ನನ್ನ ಮುಖ ನೋಡಿದರು, ಬಟ್ಟೆ ನೋಡಿದರು, ಆಮೇಲೆ ಮೆಟ್ಟಿಲ ಮೇಲೆ ಕೂತರು.

"ಯಾವಾಗಿಂದ ಮಾವ?"

"ಆ ಜ್ವರ ಬಂತಲ್ಲ, ಎಲ್ಲರಿಗೂ ಬಂದದ್ದು. ಆಗ ಎಲ್ಲರದ್ದೂ ವಾಸನೆ ಹೋಯ್ತು. ನಿಮ್ಮದೆಲ್ಲ ವಾಪಸ್ ಬಂತು. ನನ್ನದು ಬರಲಿಲ್ಲ."

"ಮತ್ತೆ ಸಾಂಬಾರು?"

"ಭಟ್ಟರ ಕೈ ತಪ್ಪುವುದಿಲ್ಲ. ನಾನು ಸುಮ್ಮನೆ ಬಗ್ಗಿ ತಲೆ ಆಡಿಸ್ತೇನೆ."

ಇಷ್ಟು ವರ್ಷ ಒಬ್ಬರೇ ಅದನ್ನು ಹೊಟ್ಟೆಯೊಳಗಿಟ್ಟುಕೊಂಡು ಓಡಾಡಿದರಲ್ಲ ಎಂದುಕೊಂಡೆ. ಆದರೆ ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. "ಮಾವ, ಗ್ಯಾಸು! ಯಾರೂ ಇಲ್ಲದ ಹೊತ್ತಲ್ಲಿ ಬಾಗಿಲು ತೆಗೆದು ಲೈಟರ್ ಒತ್ತುವವರು ನೀವು. ರಾತ್ರಿ ಪೈಪಿಂದ ಸೋರಿದ್ರೆ?"

"ಕಿವಿ ಕೊಟ್ಟು ಕೇಳ್ತೇನೆ. ಸೊಯ್ ಅಂತದೆ."

"ಕಿವಿಯಂತೆ ಕಿವಿ! ಹೋಟೆಲೂ ಹಾರಿಹೋಗ್ತದೆ, ಕಿವಿಯೂ ಹಾರಿಹೋಗ್ತದೆ!" ನಾನು ರೇಗಿದೆ. ಮಾವನ ಎದುರು ಹಾಗೆ ಸ್ವರ ಎತ್ತಿದ್ದು ಅದೇ ಮೊದಲು.

ಅವರು ಬೈಗುಳ ತಿಂದುಕೊಂಡು ಮೆಲ್ಲನೆ ಹೇಳಿದರು, "ಅವನಿಗೆ ಹೇಳಬೇಡ ಮಗಾ. ಮೂಗೂ ಇಲ್ಲ ಅಂತಾದ್ರೆ ನಾನು ಅಲ್ಲಿ ಎಂಥದಕ್ಕೆ?"

ಹೇಳುತ್ತೇನೆ ಎನ್ನಲಿಲ್ಲ, ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಮೇಲೆ ಹೋಗಿ ಒಂದು ಚರಿಗೆ ಕುದಿಯುವ ನೀರು ತಂದೆ. ಮಾವ ಪೆಡಲ್ ತಿರುಗಿಸಿದರು, ನಾನು ಚೈನಿನ ಮೇಲೂ ಫ್ರೀ ವೀಲ್ ಮೇಲೂ ನೀರು ಸುರಿದೆ. ತೆಂಗಿನೆಣ್ಣೆ ಕರಗಿ ಇಳಿಯಿತು. ಪಾರ್ಕಿಂಗಿಗೆಲ್ಲ ಅಭ್ಯಂಜನದ ವಾಸನೆ ತುಂಬಿತು, ಮಾವನೊಬ್ಬರಿಗೆ ಬಿಟ್ಟು. ಸೋಪು ಹಾಕಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಸರಿಯಾದ ಬಾಟಲಿ ತಂದು ಕೊಂಡಿಗೊಂದು ಹನಿ ಬಿಟ್ಟೆ. ಭಯ್ಯಾ ಚೈನನ್ನು ಅತಿಯಾಗಿ ಬಿಗಿದಿದ್ದ. ನಟ್ಟು ಸಡಿಲಿಸಿ, ಬೆರಳಿಂದ ಒತ್ತಿದರೆ ಸ್ವಲ್ಪ ಕುಣಿಯುವಷ್ಟು ಬಿಟ್ಟು, ಚಕ್ರ ಎರಡೂ ಬದಿಗೆ ಸಮವಾಗಿದೆಯೇ ನೋಡಿ ಮತ್ತೆ ಬಿಗಿದೆ. ಪೆಡಲ್ ತಿರುಗಿಸಿ ಕೈ ಬಿಟ್ಟಾಗ ಚೈನು ನಿಂತಿತು, ಚಕ್ರ ಟಿಕ್ ಟಿಕ್ ಟಿಕ್ ಎಂದು ತಾನೇ ತಿರುಗಿತು. ಮಾವನ ಮುಖ ಅರಳಿತು.

"ಚಲೋ, ನಾನೂ ಬರ್ತೇನೆ. ಇವತ್ತಿಂದ ದಿನಾ," ಎಂದೆ.

"ನೀನಾ? ಹಾಲಿನವ ಬೆಲ್ ಮಾಡಿದ್ರೂ ಏಳದವಳು!"

ಮಗಳ ಗೇರ್ ಸೈಕಲ್ಲು ತೆಗೆದುಕೊಂಡು ಹಿಂದೆಯೇ ಹೊರಟೆ. ತೂಕ ಇಳಿಸಲು ಎಂದು ನಮ್ಮವರಿಗೆ ಹೇಳಿದೆ. "ಅಚ್ಛಾ? ನೋಡೋಣ ಎಷ್ಟು ದಿನ," ಎಂದು ನಕ್ಕರು.

ಈಗ ಬಾಗಿಲು ತೆಗೆಯುವವರು ಮಾವ, ಮೊದಲು ಒಳಗೆ ಹೋಗುವವಳು ನಾನು. ಮೂಲೆ ಮೂಲೆ ಮೂಸಿ, "ಹಚ್ಚಿ ಮಾವ" ಎಂದ ಮೇಲೆಯೇ ಲೈಟರ್. ಸಾಂಬಾರು ಕುದಿಯುವಾಗ ನಾನು ಪಕ್ಕದಲ್ಲಿ ಕೊತ್ತಂಬರಿ ಹೆಚ್ಚುತ್ತಿರುತ್ತೇನೆ. ಮಾವ ಬಗ್ಗಿ, ಕಣ್ಣು ಮುಚ್ಚಿ, ಆಮೇಲೆ ಒಂದೇ ಕಣ್ಣು ತೆರೆದು ನನ್ನತ್ತ ನೋಡುತ್ತಾರೆ. ಒಂದು ದಿನ ನಾನು ಇಂಗಿನ ಡಬ್ಬಿಯನ್ನು ಮುಂದಕ್ಕೆ ತಳ್ಳಿದೆ. "ಇಂಗು ಸಾಲದು ಭಟ್ರೇ!" ಎಂದು ಮಾವ ಗರ್ಜಿಸಿದರು. ಭಟ್ಟರು ರುಚಿ ನೋಡಿ ಕೈಮುಗಿದರು.

ಆವತ್ತು ವಾಪಸು ಬರುವಾಗ ಮಾವ ಸೈಕಲ್ಲು ನಿಧಾನ ಮಾಡಿ ನನ್ನ ಪಕ್ಕಕ್ಕೆ ಬಂದರು. "ಈಗ ಎಂಥ ವಾಸನೆ ಬರ್ತಿದೆ?"

"ಹೊಗೆ ಮಾವ. ದೆಹಲಿಯ ಹೊಗೆ."

"ಹಾಗಾದ್ರೆ ನನಗೆ ನಷ್ಟ ಎಂಥದೂ ಇಲ್ಲ," ಎಂದು ಜೋರಾಗಿ ನಕ್ಕರು. ಆಮೇಲೆ ರಸ್ತೆ ನೋಡುತ್ತಲೇ ಹೇಳಿದರು, "ಹೂವಿನ ಗಾಡಿ ಸಿಕ್ಕಿದ್ರೆ ಹೇಳು, ಆಯ್ತಾ? ನಿನ್ನ ಅತ್ತೆ ಮುಡೀತಿದ್ದ ಮಲ್ಲಿಗೆ ಇದೆಯಾ ಅಂತ."

ಮೆಟ್ರೋ ಸ್ಟೇಷನ್ನಿನ ತಿರುವಿನಲ್ಲಿ ಹೂವಿನ ಗಾಡಿ ನಿಂತಿತ್ತು, ಬರೀ ಚೆಂಡುಹೂ. ಮಾವ ರಸ್ತೆಯಿಂದ ಕಣ್ಣು ಕೀಳದೆ ನನ್ನ ಮಾತಿಗೇ ಕಾದರು. "ಇದೆ ಮಾವ, ಮಲ್ಲಿಗೆ ಘಮ ಬರ್ತಿದೆ," ಎಂದೆ.